ದಪ್ಪ ಅಕ್ಷರಗಳ ಬೆನ್ನು ಹತ್ತಿ ತಾಂಡೂರಿಗೆ

ಜಹೀರಾಬಾದ್

ಬೀದರಿನಿಂದ ಹೊರಟ ಬಸ್ಸು ಗಡಿ ದಾಟಿದ್ದು ಯಾವಾಗ ಎಂದು ನನಗೆ ತಿಳಿಯಲೇ ಇಲ್ಲ. ಅದೇ ಕೆಂಪು ಮಣ್ಣು, ಅದೇ ತೊಗರಿಯ ಕೂಳೆ, ಧೂಳು ಹೊತ್ತು ನಿಂತ ಅದೇ ಬೇವಿನ ಮರಗಳು. ಪಕ್ಕದಲ್ಲಿದ್ದ ಹೆಂಗಸು ಫೋನಿನಲ್ಲಿ ಮಗನ ಜೊತೆ ಕನ್ನಡದಲ್ಲಿ ಮಾತು ಶುರುಮಾಡಿ, ಬೈಯುವುದಕ್ಕೆ ತೆಲುಗಿಗೆ ಹೋಗಿ, ಕೊನೆಗೆ ಉರ್ದುವಿನಲ್ಲಿ ರಾಜಿಯಾದಳು. ಅಂಗಡಿಗಳ ಬೋರ್ಡುಗಳನ್ನು ಕಂಡಾಗಲೇ ಬೇರೆ ರಾಜ್ಯಕ್ಕೆ ಬಂದಿದ್ದೇನೆ ಎಂದು ಗೊತ್ತಾದದ್ದು. ತೆಲುಗನ್ನು ನಾನು ಕೂಡಿಸಿ ಕೂಡಿಸಿ ಓದಬಲ್ಲೆ. ಪರಿಚಯದ ಮುಖ, ಆದರೆ ಹೆಸರು ನೆನಪಾಗುತ್ತಿಲ್ಲ ಎನ್ನುವಂಥ ಓದು ಅದು.

ನಾನು ಮೈಸೂರಿನವಳು. ಕಂಪ್ಯೂಟರಿನಲ್ಲಿ ಬಳಸುವ ಅಕ್ಷರಗಳನ್ನು ಬರೆಯುವುದು ನನ್ನ ಕೆಲಸ. ಕೆಲವು ವರ್ಷಗಳಿಂದ ಒಂದೇ ಬಗೆಯ ಕನ್ನಡ ಅಕ್ಷರಕ್ಕೆ ಗಂಟುಬಿದ್ದಿದ್ದೆ: ಪತ್ರಿಕೆಯ ತಲೆಬರಹಕ್ಕೆ, ಗೋಡೆಯ ಮೇಲಿನ ಪೋಸ್ಟರಿಗೆ, ಅಂಗಡಿಯ ಬೋರ್ಡಿಗೆ ಬೇಕಾಗುವಂಥ ದಪ್ಪ, ಎತ್ತರ, ಇಕ್ಕಟ್ಟಾದ ಅಕ್ಷರ. ತುದಿಯಲ್ಲಿ ಯಾವ ಕುಸುರಿಯೂ ಇರಬಾರದು, ರಸ್ತೆಯ ಆಚೆ ಬದಿಯಿಂದ ಒಂದೇ ನೋಟಕ್ಕೆ ಕಾಣಬೇಕು. ಇಂಗ್ಲಿಷಿನಲ್ಲಿ ಇಂಥವು ಬೇಕಾದಷ್ಟಿವೆ. ಕನ್ನಡದಲ್ಲಿ ಕಷ್ಟ. ನಮ್ಮ ಅಕ್ಷರದ ಮೈ ದುಂಡು, ತಲೆಕಟ್ಟು ಪಕ್ಕಕ್ಕೆ ಚಾಚುತ್ತದೆ, ಒತ್ತಕ್ಷರ ಕೆಳಗೆ ಇಳಿಬೀಳುತ್ತದೆ. ಎರಡೂ ಕಡೆಯಿಂದ ಅದುಮಿ ದಪ್ಪ ಮಾಡಿದರೆ ಹೊಟ್ಟೆಯೊಳಗಿನ ಬಿಳಿ ಮುಚ್ಚಿಹೋಗಿ ಯಾವುದು ಬ, ಯಾವುದು ಭ ಎಂದು ತಿಳಿಯುವುದಿಲ್ಲ. ಹೋದ ಮಳೆಗಾಲದಲ್ಲಿ ನಮ್ಮ ಆಫೀಸಿನವರು, ಉಳಿದ ಭಾಷೆಗಳದ್ದು ಮುಗಿದಿದೆ, ಕನ್ನಡವನ್ನು ಸದ್ಯಕ್ಕೆ ಬಿಟ್ಟುಬಿಡೋಣ ಎಂದರು. ನಾನು ತಲೆಯಾಡಿಸಿದೆ. ಮನೆಗೆ ಬಂದು ಆ ಅಕ್ಷರಗಳನ್ನೇ ಮತ್ತೆ ತೆರೆದು ಕೂತೆ.

ಅದಕ್ಕೂ ಮೊದಲೇ, ಜಹೀರಾಬಾದಿನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಗೆಳತಿಯೊಬ್ಬಳು ಒಂದು ಫೋಟೋ ಕಳಿಸಿದ್ದಳು. ಬಟ್ಟೆ ಅಂಗಡಿಯೊಂದರ ತಗಡಿನ ಬೋರ್ಡು. ಮೇಲೆ ತೆಲುಗು, ಪಕ್ಕದಲ್ಲಿ ಉರ್ದು, ಕೆಳಗೆ ಉಳಿದ ಪಟ್ಟಿಯಲ್ಲಿ ‘ಶ್ರೀ ಮಲ್ಲಿಕಾರ್ಜುನ ವಸ್ತ್ರ ಭಂಡಾರ’ ಎಂದು ಕನ್ನಡದಲ್ಲಿ. ಅಷ್ಟುದ್ದದ ಹೆಸರು ಆ ಸಣ್ಣ ಪಟ್ಟಿಯಲ್ಲಿ ಮೈಗೆ ಮೈ ತಾಗಿಸಿ ನೆಟ್ಟಗೆ ನಿಂತಿತ್ತು, ಒಂದು ಒತ್ತೂ ಮಂಕಾಗಿರಲಿಲ್ಲ. ನನಗೆ ಕೈಗೂಡದ್ದನ್ನು ಯಾರೋ ಬ್ರಷ್ಷಿನಿಂದ ಬರೆದಿಟ್ಟಿದ್ದರು. ಆಫೀಸಿನವರು ಕನ್ನಡವನ್ನು ಬಿಟ್ಟ ಮೇಲೆ ರಜೆ ಹಾಕಿ ನಾನೇ ನೋಡಿಕೊಂಡು ಬರೋಣವೆಂದು ಹೊರಟೆ. ಆ ಹೊತ್ತಿಗೆ ಗೆಳತಿಗೆ ಬೇರೆ ಊರಿಗೆ ವರ್ಗವಾಗಿತ್ತು.

ಅಂಗಡಿ ಸಿಕ್ಕಿತು. ಬೋರ್ಡು ಇರಲಿಲ್ಲ. ಅದರ ಜಾಗದಲ್ಲಿ ಹೊಳೆಯುವ ಫ್ಲೆಕ್ಸು, ಅದರ ಮೇಲೆ ಸೀರೆಯುಟ್ಟ ಯಾವಳೋ ಬಿಳಿ ಹೆಂಗಸು, ತೆಲುಗು ಮತ್ತು ಇಂಗ್ಲಿಷು. ನಾನು ಕತ್ತೆತ್ತಿ ನೋಡುತ್ತ ನಿಂತದ್ದು ಕಂಡು ಗಲ್ಲೆಯ ಮೇಲಿದ್ದ ಹಿರಿಯರು ಹೊರಗೆ ಬಂದರು.

“ಏನ್ ಬೇಕ್ರಿ ಮೇಡಮ್? ಟ್ಯಾಕ್ಸ್ ಆಫೀಸಿನವ್ರೇನು?”

ಅಲ್ಲ, ಹಳೇ ಬೋರ್ಡು ನೋಡುವುದಕ್ಕೆ ಮೈಸೂರಿನಿಂದ ಬಂದೆ ಎಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಮೊದಲು ಚಹಾ ತರಿಸಿದರು. ಇಲ್ಲಿ ಯಾವ ಸಂಶಯವಿದ್ದರೂ ಚಹಾ ಕುಡಿಸಿಯೇ ಬಗೆಹರಿಸಿಕೊಳ್ಳುತ್ತಾರೆಂದು ಮುಂದಿನ ದಿನಗಳಲ್ಲಿ ನನಗೆ ಗೊತ್ತಾಯಿತು. ನಮ್ಮ ಕಡೆ ಅದೇ ಸಂಶಯಕ್ಕೆ ಐಡಿ ಕಾರ್ಡು ಕೇಳುತ್ತಾರೆ.

“ತೆಗದು ಭಾಳ ದಿನ ಆತ್ರಿ. ಗಾಳಿಗಿ ಒಂದ್ ಮೂಲಿ ಹರದಿತ್ತು. ಮನ್ಯಾಗ ಹುಡುಗ್ರು ಫ್ಲೆಕ್ಸ್ ಹಾಕೂಣು ಅಂದ್ರು.”

“ಕನ್ನಡ ಯಾಕೆ ಬಿಟ್ಟಿರಿ?”

“ಗಿರಾಕಿ ಮಾತಾಡೂದು ಕನ್ನಡಾನೇ. ಓದೂದ್ ಯಾರ್ರಿ ಈಗ? ಸಾಲ್ಯಾಗ ಎಲ್ಲಾ ತೆಲುಗು.” ಅವರಿಗೆ ಅದರಲ್ಲಿ ದುಃಖವೇನೂ ಇದ್ದಂತಿರಲಿಲ್ಲ. ಮಳೆ ಕಡಿಮೆಯಾಯಿತು ಎಂದಷ್ಟೇ ಸಹಜವಾಗಿ ಹೇಳಿದರು.

ಬೋರ್ಡು ಹಿತ್ತಲಿನಲ್ಲಿ ನೀರಿನ ತೊಟ್ಟಿಯ ಮೇಲೆ ಮುಚ್ಚಳವಾಗಿ ಮಲಗಿತ್ತು. ಮಲ್ಲಿಕಾರ್ಜುನನ ಅರ್ಧ ತುಕ್ಕು ತಿಂದಿತ್ತು, ಉಳಿದ ಅರ್ಧದ ಮೇಲೆ ಪಾತ್ರೆ ಬೋರಲು ಹಾಕಿದ್ದರು. ಮೇಲಿನಿಂದ ಫೋಟೋ ತೆಗೆಯಲು ಒಂದು ಮರದ ಪೆಟ್ಟಿಗೆಯ ಮೇಲೆ ಹತ್ತಿದೆ. ಅದು ಮುರಿದು ನಾನು ತೊಟ್ಟಿಯ ಅಂಚಿಗೆ ಮೊಣಕಾಲು ತರಚಿಕೊಂಡು ಬಿದ್ದೆ. ಯಜಮಾನರ ಹೆಂಡತಿ ಬಂದು ಅರಿಶಿನ ಒತ್ತುತ್ತ, “ಈ ತಗಡಿಗಿ ಇಷ್ಟ ದೂರ ಬಂದೀರೇನ್ರಿ?” ಎಂದರು.

ಹೊರಡುವಾಗ, ಬರೆದವರು ಯಾರೆಂದು ಕೇಳಿದೆ.

“ಮಾಣಿಕ್ ಪೇಂಟರ್. ನಾರಾಯಣಖೇಡದಾಂವ. ಈ ಕಡಿ ಎಲ್ಲಾ ಬೋರ್ಡ್ ಅವನ ಕೈಯಿಂದ ಆದ್ವು. ಈಗ ಬರಿಯಂಗಿಲ್ಲ ಅಂತ ಕೇಳೀನಿ. ಲಕ್ವಾ ಹೊಡೀತು ನೋಡ್ರಿ ಅವನಿಗಿ.”

ನಾರಾಯಣಖೇಡ್

ಬಸ್‌ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಾಣಿಕ್ ಪೇಂಟರ್ ಮನೆ ಕೇಳಿದರೆ ಒಬ್ಬ ತೆಲುಗಿನಲ್ಲಿ ಎಡಕ್ಕೆ ಹೋಗಿ ಎಂದ, ಇನ್ನೊಬ್ಬ ಉರ್ದುವಿನಲ್ಲಿ ಬಲಕ್ಕೆ ಎಂದ. ಇಬ್ಬರಿಗೂ ಜಗಳ ಹತ್ತಿದ ಮೇಲೆ ಮೂರನೆಯವನು ಕನ್ನಡದಲ್ಲಿ, “ಇಬ್ಬರ ಮಾತೂ ಕೇಳಬ್ಯಾಡ್ರಿ, ನನ್ನ ಸಂಗಟ ಬರ್ರಿ” ಎಂದು ಕರೆದುಕೊಂಡು ಹೋಗಿ, ಬಾಗಿಲು ತೋರಿಸಿ, ಹೆಸರೂ ಹೇಳದೆ ಹಿಂದಿರುಗಿದ.

ಬಾಗಿಲಿಗೆ ಬೀಗವಿತ್ತು. ಕಟ್ಟೆಯ ಮೇಲೆ ಕೂತು ಕಾದೆ. ಬೂದು ಬಣ್ಣದ ಸಂಜೆ, ಎಲ್ಲೋ ಹೊಟ್ಟು ಸುಡುವ ವಾಸನೆ. ಬಿಳಿ ಕೋಟಿನ ಮೇಲೆ ಶಾಲು ಹೊದ್ದ, ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬಂದು ಬೀಗ ತೆಗೆದಳು. ಪೇಂಟರ್ ಮಾಣಿಕಪ್ಪನ ಮಗಳು ಸುಜಾತಾ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ನಾನು ಬಂದ ಕಾರಣ ಹೇಳಿದೆ. ಅಕ್ಷರ, ಫೋಟೋ, ಮೈಸೂರು ಯಾವುದರಲ್ಲೂ ಅವಳಿಗೆ ಆಸಕ್ತಿ ಹುಟ್ಟಲಿಲ್ಲ. ಇದ್ದಕ್ಕಿದ್ದಂತೆ ಕೇಳಿದಳು:

“ನಿಮಗ ಕನ್ನಡ ಓದಾಕ ಬರ್ತದ?”

“ಬರುತ್ತೆ.”

“ಒತ್ತು ಗಿತ್ತು ಎಲ್ಲಾ? ತಪ್ಪಿಲ್ದಂಗ?”

ಅದೇ ನನ್ನ ಕೆಲಸ ಎಂದೆ. ಅವಳು ಬಾಗಿಲನ್ನು ಪೂರ್ತಿ ತೆರೆದು, “ಒಳಗ ಬರ್ರಿ ಅಕ್ಕಾ” ಎಂದಳು.

ರೊಟ್ಟಿ ಬಡಿಯುತ್ತಲೇ ಅವಳು ಎಲ್ಲ ಹೇಳಿದಳು. ಅಪ್ಪನಿಗೆ ಲಕ್ವಾ ಹೊಡೆದಾಗ ಕೈಕಾಲಿಗೆ ಹೆಚ್ಚೇನೂ ಆಗಲಿಲ್ಲ, ಕೆಲವೇ ದಿನದಲ್ಲಿ ಎದ್ದು ಓಡಾಡಿದ. ಮನೆಗೆ ಬಂದು ಗೋಡೆಯ ಕ್ಯಾಲೆಂಡರ್ ನೋಡಿ, ಇದನ್ನು ಯಾವ ಭಾಷೆಯಲ್ಲಿ ಮಾಡಿದ್ದಾರೆ ಎಂದು ಕೇಳಿದ. ಅದು ಅವನೇ ಪ್ರತಿ ವರ್ಷ ತರುತ್ತಿದ್ದ ಕನ್ನಡ ಕ್ಯಾಲೆಂಡರು. ತೆಲುಗು ತೋರಿಸಿದರು, ಅದೂ ತಿಳಿಯಲಿಲ್ಲ. ಕಣ್ಣು ಸರಿಯಿದೆ, ಬುದ್ಧಿ ಸರಿಯಿದೆ. ಮಿದುಳಿನಲ್ಲಿ ಅಕ್ಷರವನ್ನು ಗುರುತಿಸುವ ಒಂದು ಚೂರು ಜಾಗ ಮಾತ್ರ ಸತ್ತುಹೋಗಿತ್ತು.

“ಬರಿಯೂದು ಹೋಗಿಲ್ಲಕ್ಕಾ. ಅದ ಕೆಟ್ಟದ್ದು. ಬ್ರಷ್ ಕೈಯಾಗ ಕೊಟ್ರ ಮೊದಲಿನಂಗ ಬರೀತಾನ. ಬರದಿದ್ದು ಓದು ಅಂದ್ರ ಸುಮ್ಮ ಕೂಡ್ತಾನ. ನಡುವ ಯಾರರ ಮಾತಾಡಿಸಿದ್ರ ಎಲ್ಲಿತನಕ ಬರದೀನಿ ಅನ್ನೂದ ತಿಳಿಯಂಗಿಲ್ಲ.”

ಹಾಗೂ ಅವನು ಕೆಲಸ ಬಿಡಲಿಲ್ಲವಂತೆ. ಹೆಂಡತಿ ಚಂದ್ರಕಲಾಬಾಯಿ ಬೆನ್ನ ಹಿಂದೆ ಕೂತು, ಅವನು ಬರೆದ ಒಂದೊಂದೇ ಅಕ್ಷರವನ್ನು ಓದಿ ಹೇಳುತ್ತಿದ್ದಳು. ಅವಳು ಔರಾದ ಕಡೆಯವಳು, ಕನ್ನಡ ಶಾಲೆಗೆ ಹೋದವಳು. ಹಾಗೆ ಇಬ್ಬರೂ ಸೇರಿ ಕಲ್ಹೇರಿನ ಒಂದು ಗುಡಿಯ ಕಮಾನು, ಎರಡು ಕಿರಾಣಿ ಅಂಗಡಿ, ಒಂದು ಹಿಟ್ಟಿನ ಗಿರಣಿಯ ಬೋರ್ಡು ಬರೆದಿದ್ದರು. ದೀಪಾವಳಿಯ ಹೊತ್ತಿಗೆ ಚಂದ್ರಕಲಾಬಾಯಿಗೆ ಜ್ವರ ಬಂತು, ನ್ಯುಮೋನಿಯಾಕ್ಕೆ ತಿರುಗಿತು. ಮಗಳು ತನ್ನದೇ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಿದಳು. ಉಳಿಯಲಿಲ್ಲ.

“ಅಪ್ಪ ಆಮ್ಯಾಲ ಈ ಮನ್ಯಾಗ ನಿಂದರಲಿಲ್ಲ. ಮನೂರಾಗ ನಮ್ಮ ಕಾಕಾ ಕುರಿ ಸಾಕ್ಯಾನ, ಅಲ್ಲಿಗಿ ಹೋಗ್ಯಾನ. ಅವ್ವಗ ಅಲ್ಲೇ ಹೊಲದಾಗ ಮಣ್ಣ ಕೊಟ್ಟೀವಿ. ಒಂದ್ ಕಲ್ಲ ನಿಲ್ಲಿಸಬೇಕು, ಹೆಸರ ತಾನ ಬರೀತೀನಿ ಅಂತಾನ. ಓದಿ ಹೇಳವ್ರ್ಯಾರು?”

“ನೀವು?”

“ನಾ ತೆಲುಗು ಮೀಡಿಯಂ. ಕನ್ನಡ ನೋಡಿ ಅಂದಾಜು ಮಾಡ್ತೀನಿ. ಒಂದ್ ಸಲ ಪಾಟಿ ಮ್ಯಾಲ ಬರದು ನೋಡಿದ್ವಿ. ನಾ ಒಂದ್ ಒತ್ತು ತಪ್ಪ ಹೇಳ್ದೆ, ಅಂವ ಸಿಟ್ಟಿಲೆ ಎಲ್ಲಾ ಅಳಿಸಿಬಿಟ್ಟ.” ರೊಟ್ಟಿ ಹಂಚಿನ ಮೇಲೆ ಕರಕಾಗುತ್ತಿತ್ತು. ಅವಳು ಅದನ್ನು ತಿರುವಿ ಹಾಕಿದಳು. “ಅವ್ವನ ಹೆಸರ ಅಂದಾಜಿನ ಮ್ಯಾಲ ಬಿಡೂದು ಹ್ಯಾಂಗಕ್ಕಾ?”

ಆ ರಾತ್ರಿ ಅವರ ಮನೆಯಲ್ಲೇ ಉಳಿದೆ.

ಮನೂರಿನ ದಾರಿ

ಮನೂರಿಗೆ ಶೇರ್ ಆಟೋ. ಮೈಸೂರಿನಲ್ಲಿ ಆಟೋ ಎಂದರೆ ಮೂರು ಜನ. ಇಲ್ಲಿ ಡ್ರೈವರನ ಎರಡೂ ಪಕ್ಕ ಜನ, ಹಿಂದೆ ಕಾಲು ಇಳಿಬಿಟ್ಟ ಜನ, ನನ್ನ ಮಡಿಲಲ್ಲಿ ಯಾರದೋ ಜೋಳದ ಚೀಲ. ಜಾಗ ಸಾಲದಿದ್ದರೂ ಯಾರೂ ಇಳಿ ಎನ್ನುವುದಿಲ್ಲ, ಇನ್ನಷ್ಟು ಸರಿದು ಕೂರುತ್ತಾರೆ. ಅರ್ಧ ದಾರಿಯಲ್ಲಿ ಗಾಲಿ ಪಂಕ್ಚರಾಯಿತು. ಸುಜಾತಾ, “ನಡೀರಿ ಅಕ್ಕಾ, ಇಂವ ಮಧ್ಯಾಹ್ನ ಮಾಡ್ತಾನ” ಎಂದು ಹೊಲದೊಳಗೆ ಇಳಿದಳು. ನನ್ನ ತರಚಿದ ಮೊಣಕಾಲು ಉರಿಯುತ್ತಿತ್ತು. ಎರಡೂ ಕಡೆ ಕಡಲೆ ಹೊಲ, ಆಕಾಶದ ತುಂಬ ಮಳೆಯಿಲ್ಲದ ಮೋಡ. ಮೈಲು ದೂರ ಒಂದು ಹಕ್ಕಿಯ ದನಿಯೂ ಇರಲಿಲ್ಲ.

ಕುರಿಹಟ್ಟಿಯ ಪಕ್ಕ ಹೊರಸಿನ ಮೇಲೆ ಮಾಣಿಕಪ್ಪ ಕೂತಿದ್ದರು. ಎತ್ತರದ, ಒಣಕಲು ಮೈಯ ಮನುಷ್ಯ, ಕಿವಿ ಮುಚ್ಚುವಂತೆ ಸುತ್ತಿದ ಟವೆಲು. ಕಂಬಳಿಯ ಹರಕು ಹೊಲಿಯುತ್ತಿದ್ದರು. ಸೂಜಿಗೆ ದಾರವನ್ನು ಒಂದೇ ಸಲಕ್ಕೆ ಪೋಣಿಸಿದರು.

“ಅಪ್ಪಾ, ಇವರು ಮೈಸೂರಿನವ್ರು. ನಿನ್ನ ಬೋರ್ಡ್ ನೋಡಾಕ ಬಂದಾರ.”

“ನೋಡಾಕ ಏನ್ ಉಳದಾವ?” ಎಂದರು, ತಲೆಯೆತ್ತದೆ. ಆಮೇಲೆ ಹೊರಸಿನಲ್ಲಿ ಜಾಗ ಬಿಟ್ಟು, “ಕೂಡವ್ವಾ” ಎಂದರು.

ಅಷ್ಟು ಇಕ್ಕಟ್ಟಾಗಿ ಬರೆಯುವುದನ್ನು ಹೇಗೆ ಕಲಿತಿರಿ ಎಂದು ಕೇಳಿದೆ. ಅವರು ಸೂಜಿಯನ್ನು ಕಂಬಳಿಗೆ ಚುಚ್ಚಿಟ್ಟರು.

“ಕಲಿಯೂದೇನದ ಅದ್ರಾಗ. ಮ್ಯಾಲ ತೆಲುಗು, ಬಾಜೂಕ ಉರ್ದು, ಉಳದ ಪಟ್ಟಿ ಕನ್ನಡಕ್ಕ. ಪಟ್ಟಿ ಸಣ್ಣದು, ಹೆಸರ ದೊಡ್ಡದು. ಸಣ್ಣಗ ಬರದ್ರ ರೋಡಿನ ಆ ಕಡಿಂದ ಕಾಣಂಗಿಲ್ಲ. ಹಂಗಾಗಿ ಎದ್ದು ನಿಂತ್ವು, ದಪ್ಪ ಆದ್ವು, ಒಂದಕ್ಕೊಂದು ಸರದ್ವು. ಶೇರ್ ಆಟೋದಾಗ ಬಂದೀಯಲ್ಲ, ಹಂಗ.”

ನಾನು ನಕ್ಕೆ. ಅವರು ನಗಲಿಲ್ಲ. ಫೋನು ತೆಗೆದು ನಾನು ಬರೆದ ಅಕ್ಷರಗಳನ್ನು ತೋರಿಸಿದೆ, ಅವರ ಬೋರ್ಡನ್ನೇ ನೋಡಿ ತಿದ್ದಿಕೊಂಡದ್ದು ಎಂದೆ. ಬಹಳ ಹೊತ್ತು ಹಿಡಿದು ನೋಡಿದರು, ಫೋನನ್ನು ಅಡ್ಡ ತಿರುಗಿಸಿದರು, ದೂರ ಹಿಡಿದರು.

“ದಪ್ಪ ಅದಾವ, ಕಾಣ್ತದ. ಸಂದು ಬರೋಬರ್ ಬಿಟ್ಟೀ. ಯಾವ ಅಕ್ಷರ ಅನ್ನೂದು ಮಾತ್ರ ತಿಳಿಯಂಗಿಲ್ಲವ್ವಾ. ಇರಿವಿ ಸಾಲ್ ಹೋದಂಗ ಕಾಣ್ತದ.”

ಫೋನು ವಾಪಸು ತೆಗೆದುಕೊಂಡೆ. ಅಕ್ಷರವೆಂದರೆ ನನಗೆ ಕಣ್ಣು ಬಿಟ್ಟರೆ ಸಾಕು ತಾನಾಗಿಯೇ ಒಳಗೆ ಬರುವಂಥದ್ದು. ಬೇಡವೆಂದರೂ ಓದಿಹೋಗುತ್ತದೆ. ಜೀವನವಿಡೀ ಬರೆದವನ ಮುಂದೆ ಅದು ಬಾಗಿಲು ಹಾಕಿಕೊಂಡಿತ್ತು.

ಸಮಾಧಿ ಹೊಲದ ಅಂಚಿನಲ್ಲಿತ್ತು. ಬದುವಿಗೂ ಪಕ್ಕದವರ ಮುಳ್ಳುಬೇಲಿಗೂ ನಡುವೆ ಉದ್ದಕ್ಕೆ ಹೋದ ಒಂದು ಕಿರಿದಾದ ತುಂಡು ನೆಲ, ಅದರ ಮೇಲೆ ಗುಂಡುಕಲ್ಲುಗಳ ರಾಶಿ. ಎರಡು ಗೇಣು ಅಗಲದ ಕಲ್ಲು ಮಾತ್ರ ನಿಲ್ಲುವಷ್ಟು ಎಡೆಯಿತ್ತು. ಮಾಣಿಕಪ್ಪನ ತಮ್ಮ ಭೀಮಣ್ಣ ಕುರಿಗಳನ್ನು ಬಿಟ್ಟು ನಮ್ಮ ಜೊತೆ ಬಂದಿದ್ದ.

“ಎರಡ್ ಸಾಲ್ ಮಾಡಿ ಬರಿ ಅಂದ್ರ ಅಣ್ಣ ಕೇಳವಲ್ಲ,” ಎಂದು ನನ್ನ ಬಳಿ ದೂರಿದ. “ಚಂದ್ರಕಲಾ ಮ್ಯಾಲ, ಬಾಯಿ ಕೆಳಗ. ಮುಗೀತು.”

“ಹೆಸರ ಮುರದು ಬರೀಬಾರದು,” ಎಂದರು ಮಾಣಿಕಪ್ಪ.

“ನಾ ಹೇಳಿದಂಗ ತೆಲುಗಿನಾಗ ಬರದ್ರ ನಾನ ಓದಿ ಹೇಳ್ತಿದ್ದೆ. ಇಷ್ಟ ದಿನ ಹಿಡೀತಿರಲಿಲ್ಲ,” ಎಂದಳು ಸುಜಾತಾ.

ಮಾಣಿಕಪ್ಪ ರಾಶಿಯಿಂದ ಜಾರಿದ್ದ ಒಂದು ಕಲ್ಲನ್ನು ಎತ್ತಿ ಸರಿಯಾಗಿ ಇಟ್ಟು, ಹಟ್ಟಿಯ ಕಡೆ ನಡೆದರು. ನಾನು ಅವರ ಹಿಂದೆ ಹೋಗಿ, ಕಲ್ಲು ಕೆತ್ತಿಸುವುದಕ್ಕೆ ನಾಳೆ ತಾಂಡೂರಿಗೆ ನಾನೂ ಬರುತ್ತೇನೆ, ಹಿಂದೆ ಕೂತು ಓದುತ್ತೇನೆ ಎಂದೆ. ಅವರು ನಿಂತರು.

“ಆಕಿ ಭಾಳ ನಿಧಾನ ಓದ್ತಿದ್ಳು,” ಎಂದರು. “ನೀನೂ ನಿಧಾನ ಓದಬೇಕಾಗ್ತದ.”

ತಾಂಡೂರು

ತಾಂಡೂರು ಹತ್ತಿರವಾದಂತೆ ಊರಿಗೆ ಯಾರೋ ಹಿಟ್ಟು ಚೆಲ್ಲಿದ ಹಾಗೆ ಎಲ್ಲ ಬೆಳ್ಳಗಾಯಿತು. ಮರದ ಎಲೆ, ಟ್ರಾಕ್ಟರು, ಮಲಗಿದ ನಾಯಿ, ಎಲ್ಲದರ ಮೇಲೂ ಕಲ್ಲಿನ ಹುಡಿ. ರಸ್ತೆಯ ಎರಡೂ ಬದಿ ಫರಸಿ ಕಲ್ಲುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ್ದರು. ನಮ್ಮ ಮನೆಯ ಅಡುಗೆಕೋಣೆಯ ನೆಲವೂ ಇಂಥದ್ದೇ ಕಲ್ಲು. ಅದರ ಮೇಲೆ ಬರಿಗಾಲಿನಲ್ಲಿ ಓಡಾಡುವಾಗ ಇಲ್ಲಿ ಯಾರೋ ಕೆಮ್ಮುತ್ತಿರುತ್ತಾರೆ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಇಲ್ಲಿ ಎಲ್ಲರೂ ಕೆಮ್ಮುತ್ತಿದ್ದರು.

ಕಲ್ಲನ್ನು ಮೊದಲೇ ಹೇಳಿ ಕತ್ತರಿಸಿಟ್ಟಿದ್ದರು. ಕಲ್ಲು ಕೆತ್ತುವ ಖಾಜಾಮಿಯಾ ಮಾಣಿಕಪ್ಪನ ಹಳೆಯ ಗೆಳೆಯ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ನಿಂತರು.

“ಭಾಬಿ ಒಳ್ಳೇ ಮನುಷ್ಯಾಳ್ರಿ,” ಎಂದು ಖಾಜಾಮಿಯಾ ನನಗೆ ಹೇಳಿದ. “ಈ ಮಾಣಿಕ್‌ಗ ಸಿಟ್ಟು ಜಾಸ್ತಿ. ಆಕಿ ಸಂಭಾಳಿಸಿದ್ಳು.”

ಅವನು ಕೆಲಸ ಮಾಡುವ ಶೆಡ್ಡಿನೊಳಗೆ ಕರೆಂಟು ಹೋಗಿತ್ತು. ಪಾಲಿಶ್ ಮಶೀನು ನಿಂತಿದ್ದರಿಂದ ಇದೇ ಒಳ್ಳೆಯ ಹೊತ್ತು ಎಂದು ಕಲ್ಲನ್ನು ಗೋಡೆಗೆ ಒರಗಿಸಿದರು. ಮಾಣಿಕಪ್ಪ ಸುಣ್ಣ ಹಚ್ಚಿದ ದಾರ ಎಳೆದು ಮೇಲೊಂದು ಕೆಳಗೊಂದು ಗೆರೆ ಹೊಡೆದರು. ಎರಡು ಗೆರೆಯ ನಡುವಿನ ಎತ್ತರ ನನ್ನ ಅಂದಾಜಿಗಿಂತ ಹೆಚ್ಚಿತ್ತು. ಚಪ್ಪಟೆ ಬ್ರಷ್ಷು ಅದ್ದಿಕೊಂಡರು. ನಾನು ಹಿಂದೆ ಒಂದು ಕಲ್ಲಿನ ತುಂಡಿನ ಮೇಲೆ ಕೂತು, “ಮೊದಲು ಚ” ಎಂದೆ.

“ಮುಂದಿಂದು ಹೇಳಬ್ಯಾಡವ್ವಾ. ಬರಿಯೂದು ನನಗ ಬರ್ತದ. ಎಲ್ಲಿ ಅದೀನಿ ಅಂತ ಅಷ್ಟ ಹೇಳು.”

ಚ ಮೂಡಿತು. ನಾನು “ಚ ಆಯ್ತು” ಎಂದೆ. ಸೊನ್ನೆ ಕಿರಿದಾಗಿ, ಉದ್ದವಾಗಿ, ಅವರೆಬೀಜದ ಹಾಗೆ ಬಂತು. ದ, ಅದರ ಕೆಳಗೆ ರ ಒತ್ತು ಪಕ್ಕಕ್ಕೆ ಚಾಚದೆ ಅಡಿಯಲ್ಲೇ ಮಡಚಿ ಕೂತಿತು. ಕ. “ಕ ಆಯ್ತು.” ಲಾ ಬರೆದರು. “ಲಾ ಆಯ್ತು” ಎಂದು ನಾನು ಹೇಳುವಷ್ಟರಲ್ಲಿ ಕರೆಂಟು ಬಂತು. ಮಶೀನು ಒಂದೇ ಸಲಕ್ಕೆ ಬೊಬ್ಬೆ ಹಾಕಿತು, ನೀರು ಸಿಡಿಯಿತು, ಯಾರೋ ಯಾರನ್ನೋ ಕೂಗಿದರು. ಮಾಣಿಕಪ್ಪ ಬೆಚ್ಚಿ ತಿರುಗಿ, ಮತ್ತೆ ಕಲ್ಲಿನ ಕಡೆ ಮುಖ ಮಾಡಿ, ಬ್ರಷ್ಷು ಅದ್ದಿ ಬರೆದರು. ಅದು ಬ ಅಲ್ಲ. ಇನ್ನೊಂದು ಲ.

ಎದ್ದು ಅವರ ಭುಜ ಮುಟ್ಟಿದೆ. “ಲಾ ಎರಡು ಸಲ ಆಯ್ತು,” ಎಂದು ಕಿವಿಯ ಬಳಿ ಹೇಳಿದೆ.

ಅವರು ಕಲ್ಲನ್ನು ನೋಡಿದರು. ಎರಡು ಲಕಾರಗಳು ಅಕ್ಕಪಕ್ಕ, ಎದುರಿಗೇ ಇದ್ದವು. ಅವರ ಕಣ್ಣು ಆ ಎರಡರ ಮೇಲೂ ಹಾದು, ಏನೂ ಸಿಗದೆ ನನ್ನ ಮುಖಕ್ಕೆ ಬಂತು. ಸೀಮೆಎಣ್ಣೆ ಬಟ್ಟೆ ತೆಗೆದುಕೊಂಡು, ಎಲ್ಲಿ ಒರೆಸಬೇಕೆಂದೂ ಕೇಳದೆ ಒರೆಸಿದರು. ಎರಡನೆಯ ಲದ ಜೊತೆ ಮೊದಲನೆಯದೂ, ಕಕಾರವೂ ಕಲಸಿಹೋಯಿತು.

“ಸಾಕು,” ಎಂದರು. “ಖಾಲಿ ಕಲ್ಲ ನಿಲ್ಲಿಸ್ರಿ.”

ಹೊರಗೆ ಹೋಗಿ ರಸ್ತೆಗೆ ಬೆನ್ನು ಮಾಡಿ ಕೂತರು. ಸುಜಾತಾ ನಲ್ಲಿಯ ಹತ್ತಿರ ಹೋಗಿ ಸುಮ್ಮನೆ ಮುಖ ತೊಳೆಯುತ್ತ ನಿಂತಳು, ತೊಳೆದದ್ದನ್ನೇ ತೊಳೆಯುತ್ತಿದ್ದಳು.

ಆಗ ನನಗೆ ತೋಚಿದ್ದು ನನ್ನ ಚೀಲದಲ್ಲಿದ್ದ ಲ್ಯಾಪ್‌ಟಾಪು. ಹತ್ತಿರದ ಫ್ಲೆಕ್ಸ್ ಅಂಗಡಿಗೆ ಹೋಗಿ, ನಾನು ವರ್ಷಗಟ್ಟಲೆ ತಿದ್ದಿದ ಅಕ್ಷರದಲ್ಲಿ ಚಂದ್ರಕಲಾಬಾಯಿ ಎಂದು ಕಲ್ಲಿನ ಅಳತೆಗೆ ಸರಿಯಾಗಿ ಮುದ್ರಿಸಿಕೊಂಡು ಬಂದೆ. ಹೆಸರು ಎರಡು ಗೇಣಿನಲ್ಲಿ ಒಂದೇ ಸಾಲಿಗೆ ಕೂತಿತ್ತು, ತಪ್ಪಿಲ್ಲದೆ. ದಾರಿಯಲ್ಲಿ ನನಗೆ ಒಳಗೊಳಗೇ ಖುಷಿಯಾಗಿತ್ತು ಎಂದು ಹೇಳಲೇಬೇಕು. ಯಾರೂ ಬೇಡವೆಂದ ಅಕ್ಷರ ಕಲ್ಲಿನ ಮೇಲೆ ನಿಲ್ಲುತ್ತಿತ್ತು. ಖಾಜಾಮಿಯಾ ಕಾಗದವನ್ನು ಕಲ್ಲಿನ ಮೇಲಿಟ್ಟು, “ಇದು ಆಸಾನ್ ಅದ. ಅಂಟಿಸಿ ಕೆತ್ತಿಬಿಡ್ತೀನಿ” ಎಂದ. ಸುಜಾತಾ ಅಪ್ಪನನ್ನು ಕರೆದುಕೊಂಡು ಬಂದಳು.

ಮಾಣಿಕಪ್ಪ ಕಾಗದದ ಮೇಲೆ ಅಂಗೈ ಆಡಿಸಿದರು. ಅದು ನುಣ್ಣಗಿತ್ತು.

“ಇದು ಆಕಿ ಹೆಸರ ಹೌದೇನವ್ವಾ?”

“ಹೌದು.”

“ನೀ ಹೌದು ಅಂತೀ. ಖಾಜಾನೂ ಹೌದು ಅಂತಾನ, ಅವನಿಗಿ ಓದಾಕ ಬರಂಗಿಲ್ಲ.” ಕಾಗದದಿಂದ ಕೈ ತೆಗೆದರು. “ನನಗ ಹ್ಯಾಂಗ ಗೊತ್ತಾಗಬೇಕು? ನಾ ಬರದ್ರ ಕೈಗರ ಗೊತ್ತಾಗ್ತದ.”

ನಾನು ಕಾಗದವನ್ನು ಸುತ್ತಿ ಚೀಲಕ್ಕೆ ಹಾಕಿದೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು.

ಖಾಜಾಮಿಯಾ ಒಳಗೆ ಹೋಗಿ ಶೆಡ್ಡಿನ ಮಾಲೀಕರ ಜೊತೆ ತೆಲುಗಿನಲ್ಲಿ ಮಾತಾಡಿದ. ಸ್ವಲ್ಪ ಏರುದನಿಯೂ ಕೇಳಿಸಿತು. ಮಶೀನು ನಿಂತಿತು. ಕೆಲಸದವರು ಹುಡಿ ಮೆತ್ತಿದ ಮುಖದಲ್ಲಿ ಬಂದು ಬಾಗಿಲ ಬಳಿ ಕೂತರು, ಒಬ್ಬರೂ ಮಾತಾಡಲಿಲ್ಲ. ಸುಜಾತಾ ಕಲ್ಲನ್ನು ಪೂರ್ತಿ ಒರೆಸಿದಳು. ಅಪ್ಪ ಮತ್ತೆ ದಾರ ಹಿಡಿದರು.

ಈ ಸಲ ಅವರು ಒಂದು ಹೊಸ ರೀತಿ ಕಂಡುಕೊಂಡರು. ಒಂದೊಂದು ಅಕ್ಷರ ಮುಗಿದ ಮೇಲೆ ಎಡಗೈಯ ಬೆರಳನ್ನು ಹಸಿ ಬಣ್ಣಕ್ಕೆ ತಾಗದಷ್ಟು ಹತ್ತಿರ ಹಿಡಿದು, ಗಾಳಿಯಲ್ಲೇ ಅದರ ಮೇಲೆ ಆಡಿಸುತ್ತಿದ್ದರು. ಕೈ ತಾನು ಹೋದ ದಾರಿಯಲ್ಲಿ ಮತ್ತೆ ಹೋಗುತ್ತಿತ್ತು. “ಲಾ,” ಎಂದು ತಾವೇ ಹೇಳಿ, “ಹೌದಿಲ್ಲ?” ಎಂದು ಕೇಳುತ್ತಿದ್ದರು. “ಹೌದು” ಎನ್ನುವುದಷ್ಟೇ ನನ್ನ ಪಾಲಿನ ಕೆಲಸ. ಬಾ. ಯಿ. ಕೊನೆಯ ಗುಡಿಸು ಕಲ್ಲಿನ ಅಂಚಿಗೆ ಕೂದಲೆಳೆ ಬಿಟ್ಟು ನಿಂತಿತು. ಹೆಸರು ಒಂದೇ ಸಾಲಿನಲ್ಲಿತ್ತು.

“ಆಯ್ತು,” ಎಂದೆ. ಅವರು ಬ್ರಷ್ಷನ್ನು ಕೆಳಗಿಟ್ಟು ಗೋಡೆಗೆ ಒರಗಿದರು. ಅಳು ಬಂದವರ ಹಾಗಿರಲಿಲ್ಲ. ಬಹಳ ದೂರದಿಂದ ಹೊರೆ ಹೊತ್ತು ತಂದವರ ಹಾಗಿದ್ದರು.

ಬಣ್ಣ ಆರಿದ ಮೇಲೆ ಖಾಜಾಮಿಯಾ ಉಳಿ ಹಿಡಿದ. ಮಧ್ಯಾಹ್ನವೆಲ್ಲ ಟಕ್ ಟಕ್ ಸದ್ದು. ನಾವು ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು. ಸುಜಾತಾ ಆಸ್ಪತ್ರೆಗೆ ಫೋನು ಮಾಡಿ ರಾತ್ರಿ ಪಾಳಿಗೆ ಬರುತ್ತೇನೆ ಎಂದಳು. ನನಗೂ ಸಂಜೆಯ ಗಾಡಿಯಿತ್ತು, ವಾಡಿಯಲ್ಲಿ ಬದಲಿಸಬೇಕಿತ್ತು. ಕೆತ್ತಿ ಮುಗಿಯುವಷ್ಟರಲ್ಲಿ ಬಿಸಿಲು ಮಂಕಾಗಿತ್ತು.

ಖಾಜಾಮಿಯಾ ಬಾಯಿಂದ ಊದಿ ಹುಡಿ ಹಾರಿಸಿ ಪಕ್ಕಕ್ಕೆ ಸರಿದ. ಮಾಣಿಕಪ್ಪ ಕಲ್ಲಿನ ಮುಂದೆ ಮೊಣಕಾಲೂರಿ ಕೂತು ಕೆತ್ತನೆಯ ಗುಳಿಯೊಳಗೆ ಬೆರಳಿಟ್ಟರು. ಬೆರಳು ಮೇಲೆ ಹತ್ತಿತು, ಬಳಸಿತು, ಇಳಿಯಿತು.

“ಚಂ,” ಎಂದರು. “ದ್ರ. ಕ. ಲಾ.” ಉಸಿರು ತೆಗೆದುಕೊಂಡರು. “ಬಾಯಿ.”

ಸುಜಾತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವರು ಇನ್ನೊಮ್ಮೆ ಓದಲಿಲ್ಲ. ಬೆರಳು ಹೆಸರಿನಿಂದ ಕೆಳಗಿಳಿದು, ಏನೂ ಕೆತ್ತದ ಜಾಗಕ್ಕೆ ಬಂದು, ಅಲ್ಲಿ ಒಂದು ಗೇಣು ಅಳೆಯಿತು.

“ಸುಜೀ, ಇಲ್ಲಿ ಜಾಗ ಅದಲ್ಲ?”

“ಅದ ಅಪ್ಪಾ.”

“ಅದು ನಂದು. ಅಲ್ಲಿ ತೆಲುಗಿನಾಗ ಬರಸು.”

“ನೀ ಕನ್ನಡಾನೇ ಆಗಬೇಕು ಅಂತ ಹಟ ಹಿಡದಿದ್ದೆಲ್ಲ ಅಪ್ಪಾ. ಈಗ ತೆಲುಗು ಯಾಕ?”

ಅವರು ನೆಲಕ್ಕೆ ಕೈಯೂರಿ ಎದ್ದರು. ಮೊಣಕಾಲಿಗೆ ಮೆತ್ತಿದ ಬಿಳಿ ಹುಡಿಯನ್ನು ಕೊಡವಿಕೊಂಡರು.

“ಆಕಿಗಿ ಕನ್ನಡ ಅಷ್ಟ ಓದಾಕ ಬರ್ತಿತ್ತು. ಅದಕ್ಕ ಆಕಿದು ಕನ್ನಡ. ನಂದು ಓದಾಕಿ ನೀ.”

ಸುಜಾತಾ ನಲ್ಲಿಯಿಂದ ಕೊಡ ತುಂಬಿ ತಂದು ಕಲ್ಲನ್ನು ತೊಳೆಯತೊಡಗಿದಳು. ಅವ್ವನ ಹೆಸರಿನ ಸಂದುಗಳಿಂದ ಹುಡಿ ಹಾಲಿನ ಹಾಗೆ ಹರಿದುಹೋಯಿತು. ಹೆಸರು ತೊಳೆದಾದ ಮೇಲೂ ಅವಳು ನಿಲ್ಲಿಸಲಿಲ್ಲ. ಕೆಳಗಿನ ಖಾಲಿ ಜಾಗದ ಮೇಲೆ ಅಂಗೈಯಿಂದ ನೀರು ಎರಚುತ್ತ, ಉಜ್ಜುತ್ತ, ಮತ್ತೆ ಎರಚುತ್ತ, ನಾನು ಚೀಲ ಹೆಗಲಿಗೇರಿಸಿ ಹೊರಟಾಗಲೂ ಅದನ್ನೇ ತೊಳೆಯುತ್ತಿದ್ದಳು.